ದೊಡ್ಡೊಲೆಗೆ ಎರಡು ಕೊಡ ನೀರು

ಗುಡ್ಡ ಸತ್ತಿದೆ ಎಂಬ ಸುದ್ದಿ ಬಂದ ದಿನ ಕಾಲೊನಿಯ ಮನೆಮನೆಯಲ್ಲೂ ಹೋಳಿಗೆ ಮಾಡಿದರು. ಸಾವಿನ ಸುದ್ದಿಗೆ ಹೋಳಿಗೆ ಮಾಡುವುದು ಯಾವ ಸೀಮೆಯ ಪದ್ಧತಿ ಎಂದು ಕೇಳಬೇಡಿ. ಹದಿನೆಂಟು ವರ್ಷ ಅದೊಂದು ಸಾವಿಗಾಗಿ ಕಾದು ಕೂತವರು ಅವರು; ಅವರ ಕಷ್ಟ ಅವರಿಗೆ ಗೊತ್ತು.

ಸರ್ಕಾರದ ಕಾಗದದಲ್ಲಿ ಆ ದ್ವೀಪಕ್ಕೆ ಬರೀ ಒಂದು ಸಂಖ್ಯೆ ಇತ್ತು. ಬಂಗಾಳ ಕೊಲ್ಲಿಯ ಆಚೆ, ಸಮುದ್ರದ ತಳದಿಂದ ಎದ್ದು ನಿಂತ ಒಂದು ಜ್ವಾಲಾಮುಖಿ, ಅದರ ಪಶ್ಚಿಮದ ಇಳಿಜಾರಿನಲ್ಲಿ ಒಂದಿಷ್ಟು ಕಪ್ಪು ಮಣ್ಣು, ಅಷ್ಟೇ. ಬಾಗಲಕೋಟೆಯ ಕಡೆ ಹೊಳೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು, ಒಂದಾದ ಮೇಲೊಂದು ತಗಡಿನ ಶೆಡ್ಡು ಬದಲಿಸುತ್ತಿದ್ದ ಜನಕ್ಕೆ ಅಧಿಕಾರಿಗಳು ಆ ಮಣ್ಣಿನ ಒಂದು ಚೀಲ ತಂದು ತೋರಿಸಿದ್ದರು. ಹಿರಿಯ ಯಮನಪ್ಪಜ್ಜ ಒಂದು ಹಿಡಿ ತೆಗೆದುಕೊಂಡು, ನೀರು ಹಾಕಿ ನಾದಿ, ಉಂಡೆ ಕಟ್ಟಿ, ಮೂಸಿ ನೋಡಿ, "ಇದು ನಮ್ಮ ಎರಿ ಮಣ್ಣನ ಐತಿ. ಜ್ವಾಳ ಬೆಳೀತೈತಿ, ನಡೀರಿ" ಎಂದಿದ್ದ. ಅವನ ಮಾತಿಗೆ ತೊಂಬತ್ತು ಮನೆಯವರು ಹಡಗು ಹತ್ತಿದರು. ಈಗ ಇನ್ನೂರ ಹದಿನಾಲ್ಕು ಮನೆಗಳಾಗಿದ್ದವು.

ಜೋಳ ಬೆಳೆಯಿತು ನಿಜ. ಆದರೆ ಗುಡ್ಡ ಸಾಯುವವರೆಗೆ ಅಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವಂತಿರಲಿಲ್ಲ, ಹೊಲದ ಉತಾರ, ಅಂದರೆ ಹಕ್ಕಿನ ಪತ್ರ, ಯಾರ ಹೆಸರಿಗೂ ಆಗುವಂತಿರಲಿಲ್ಲ. ತಿಂಗಳಿಗೊಮ್ಮೆ ಸೈರನ್ ಕೂಗಿದರೆ ಇಪ್ಪತ್ತು ನಿಮಿಷದಲ್ಲಿ ಮಕ್ಕಳುಮರಿ, ಗಂಟುಮೂಟೆ ಸಮೇತ ಜೆಟ್ಟಿಗೆ ಓಡಬೇಕು, ತಲೆ ಎಣಿಸಿಕೊಳ್ಳಬೇಕು, ವಾಪಸು ಬರಬೇಕು. ತಾಲೀಮು ಅದು. ಹಾಗೆ ಇನ್ನೂರು ಸಲ ಓಡಿ ಓಡಿ ಜನಕ್ಕೆ ಸಾಕುಸಾಕಾಗಿತ್ತು.

ಒಂದು ಜ್ವಾಲಾಮುಖಿ ಮಲಗಿದೆಯೋ ಸತ್ತಿದೆಯೋ ಎಂದು ಎದೆ ತಟ್ಟಿ ಹೇಳುವವರು ಮೊದಲು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಮುನ್ನೂರು ವರ್ಷ ಮಲಗಿ ಎದ್ದ ಗುಡ್ಡಗಳಿವೆ, ಸಾವಿರಾರು ವರ್ಷ ಮಲಗಿ ಎದ್ದವೂ ಇವೆ. ಆಮೇಲೆ 'ನಾಡಿ' ಎಂಬ ಯಂತ್ರ ಬಂತು. ಅದು ನೋಡುತ್ತಿದ್ದದ್ದು ಮೂರೇ ಸಂಗತಿ: ನೆಲದ ನಡುಕ, ಬಾಯಿಂದ ಹೊರಡುವ ಅನಿಲ, ಮೈಯ ಬಿಸಿ. ಮೂರೂ ಒಂಬತ್ತು ವರ್ಷ ಬಿಡದೆ ಇಳಿಯುತ್ತ ಬಂದರೆ, ಪಾತಾಳದಿಂದ ಬರುವ ಕರಗಿದ ಬಂಡೆಯ ಪೂರೈಕೆ ನಿಂತಿದೆ, ಗುಡ್ಡದ ಹೊಟ್ಟೆಯಲ್ಲಿ ಉಳಿದದ್ದು ನಿಂತಲ್ಲೇ ಹೆಪ್ಪುಗಟ್ಟಿ ಕಲ್ಲಾಗುತ್ತಿದೆ ಎಂದು ಲೆಕ್ಕ ಹಾಕಿ, 'ಜಾಗೃತ' ಎಂದಿದ್ದಲ್ಲಿ 'ಲುಪ್ತ' ಎಂದು ಬರೆಯುತ್ತಿತ್ತು. ಈ ಗುಡ್ಡದ ಬಗ್ಗೆ ಅದು ಹಾಗೆ ಬರೆದಾಗಿತ್ತು. ಇನ್ನು ನಲವತ್ತು ದಿನಕ್ಕೆ ಮೊಹರು ಬಿದ್ದ ಕಾಗದ ಬರುವುದೊಂದೇ ಬಾಕಿ.

ವೀಕ್ಷಣಾ ಕೇಂದ್ರದಲ್ಲಿ ಆ ಸುದ್ದಿಯನ್ನು ಮೊದಲು ಓದಿದವಳು ಕಸ್ತೂರಿ. ಭೂವಿಜ್ಞಾನ ಓದಿದವಳು, ಈ ಕಾಲೊನಿಯ ಸೊಸೆ. ಗಂಡ ಈರಣ್ಣ ಕೇಂದ್ರದ ದೋಣಿ ನಡೆಸುತ್ತಿದ್ದ. ಒಂಬತ್ತು ವರ್ಷದ ಹಿಂದೆ ಬಿಸಿ ಅಳೆಯುವ ಕೊಳವೆಗಳನ್ನು ಎಲ್ಲಿ ಹೂಳಬೇಕೆಂಬ ಪ್ರಶ್ನೆ ಬಂದಾಗ ಜಾಗ ತೋರಿಸಿದವಳೂ ಅವಳೇ. ಗುಡ್ಡದ ತುದಿಯಲ್ಲಿ ಹೂಳಿದ್ದವನ್ನು ಆಮ್ಲದ ಹೊಗೆ ಎರಡೇ ತಿಂಗಳಲ್ಲಿ ತಿಂದುಹಾಕಿತ್ತು. ಉಳಿದ ಇಳಿಜಾರೆಲ್ಲ ತಣ್ಣಗೆ. ನೆಲ ನಿಜಕ್ಕೂ ಬಿಸಿಯಿದ್ದದ್ದು ಕಾಲೊನಿಯ ಹಿತ್ತಲಿನ ಒಂದೂವರೆ ಎಕರೆಯಲ್ಲಿ. ಅಲ್ಲಿ ಮಣ್ಣೂ ಮೆತ್ತಗಿತ್ತು, ಅಗೆಯಲು ಸಲೀಸು. ಒಂಬತ್ತು ಕೊಳವೆ ಅಲ್ಲೇ ಹೂಳಿದರು, ಒಂದೊಂದು ಒಂದು ಮೊಳ ಆಳ.

ಆ ಒಂದೂವರೆ ಎಕರೆಯ ಹೆಸರು ದೊಡ್ಡೊಲೆ. ಮನೆಗೊಂದರಂತೆ ಅಲ್ಲಿ ಎದೆಯುದ್ದದ ಕುಣಿ. ಸುತ್ತ ಕಲ್ಲು ಕಟ್ಟಿರುತ್ತಿದ್ದರು. ಬೆಳಗ್ಗೆ ನುಚ್ಚಿನ ಗಡಿಗೆ, ಬೇಳೆಯ ಗಡಿಗೆ ಇಳಿಸಿ ಗೋಣಿಚೀಲ ಮುಚ್ಚಿದರೆ ಕಟ್ಟಿಗೆ ಬೇಡ, ಗ್ಯಾಸು ಬೇಡ, ಗುಡ್ಡವೇ ಬೇಯಿಸಿ ಕೊಡುತ್ತಿತ್ತು. ಮೊದಲ ವರ್ಷವೇ ಕಸ್ತೂರಿಯ ಅತ್ತೆ ಗುರವ್ವ ಅಲ್ಲಿ ನಿಂತು ಒಂದು ಮಾತು ಹೇಳಿದ್ದಳು: "ಒಲಿ ಅಂದ್ರ ಒಲೀನ. ಸಾರಿಸಲಾರದ ಒಲಿ ಮ್ಯಾಲಿನ ಅನ್ನ ನಾ ಉಣ್ಣಾಂಗಿಲ್ಲ. ಉರಿಯೂ ಒಲಿ ಹಂಗ ಬಿಟ್ಟು ಹೋಗೂದು ಮನಿಗೆ ಒಳ್ಳೇದಲ್ಲ." ಅಂದಿನಿಂದ ಅಡುಗೆ ಮುಗಿದ ಮೇಲೆ ಪ್ರತಿ ಮನೆಯವಳೂ ಕುಣಿಯ ಸುತ್ತ ಮಣ್ಣು ಕಲಸಿ ಸಾರಿಸಿ, ಎರಡು ಕೊಡ ನೀರು ಸುರಿದು, "ಹೊಟ್ಟಿ ತಣ್ಣಗಿರಲಿ, ನಮ್ಮವ್ವ" ಎಂದು ಗುಡ್ಡಕ್ಕೆ ಕೈ ಮುಗಿದೇ ಮನೆಗೆ ಹೋಗುತ್ತಿದ್ದಳು. ಭೂವಿಜ್ಞಾನ ಓದಿದ ಕಸ್ತೂರಿಯೂ ಹಾಗೇ ಮಾಡುತ್ತಿದ್ದಳು. ಅತ್ತೆಯ ಕಣ್ಣು ತಪ್ಪಿಸುವುದು ಗುಡ್ಡದ ಕಣ್ಣು ತಪ್ಪಿಸಿದಷ್ಟು ಸುಲಭವಿರಲಿಲ್ಲ.

ಹೋಳಿಗೆಯ ಊಟವಾದ ಮೂರನೇ ದಿನ ಯಮನಪ್ಪಜ್ಜ ತೀರಿಕೊಂಡ. ತೊಂಬತ್ತೊಂದು ವಯಸ್ಸು. "ಇನ್ನ ಅಡ್ಡಿಯಿಲ್ಲ, ಮಣ್ಣು ನಮ್ಮದಾತು" ಎಂದು ಹೇಳಿಕೊಂಡೇ ಮಲಗಿದವನು ಏಳಲಿಲ್ಲ. ಅವನನ್ನು ಅದೇ ಕಪ್ಪು ಮಣ್ಣಿನಲ್ಲಿ ಇಟ್ಟರು. ಊರನ್ನು ಇಲ್ಲಿಯವರೆಗೆ ಕರೆತಂದವನು ಎಂದು ಮೂರು ದಿನ ಯಾರೂ ದೊಡ್ಡೊಲೆಗೆ ಗಡಿಗೆ ಇಳಿಸಲಿಲ್ಲ. ಹಿಂದೆ ನಾಲ್ಕು ಸಲ ಊರ ದೊಡ್ಡವರು ಹೋದಾಗಲೂ ಹೀಗೇ ಮಾಡಿದ್ದರು. ಕೇಂದ್ರದ ಕ್ಯಾಂಟೀನಿನಿಂದ ಅನ್ನಸಾರು ಬಂತು. ಜನ ಉಂಡರು, ಅತ್ತರು, ಅವನ ಕಥೆ ಹೇಳಿ ನಕ್ಕರು.

ನಾಲ್ಕನೇ ದಿನ ಬೆಳಗ್ಗೆ ಕಸ್ತೂರಿ ಕಂಟ್ರೋಲ್ ರೂಮಿಗೆ ಹೋಗಿ ಕೂತಳು. ಪರದೆಯ ಮೇಲೆ ಒಂಬತ್ತು ವರ್ಷದಿಂದ ನಿಧಾನವಾಗಿ ಇಳಿದು ಬಂದ ಹಸಿರು ಗೆರೆ. ಎಪ್ಪತ್ತೊಂದು ಡಿಗ್ರಿಯಿಂದ ಐವತ್ತೆಂಟಕ್ಕೆ ಇಳಿದಿತ್ತು. ಆದರೆ ಕೊನೆಯ ಮೂರು ದಿನ ಅದು ತಲೆ ಎತ್ತಿತ್ತು: ಅರವತ್ತೇಳು, ಎಪ್ಪತ್ತೊಂಬತ್ತು, ಎಂಬತ್ತೆಂಟು. ಒಂಬತ್ತೂ ಕೊಳವೆಯಲ್ಲಿ ಅದೇ ಕಥೆ. ಆ ಮೂರು ಅಂಕಿಗಳ ಮೇಲೆ ನಾಡಿ ತೆಳ್ಳಗೆ ಗೆರೆ ಎಳೆದು ಪಕ್ಕದಲ್ಲಿ 'ದೋಷ, ಲೆಕ್ಕಕ್ಕಿಲ್ಲ' ಎಂದು ಬರೆದಿತ್ತು. ಒಂಬತ್ತು ವರ್ಷ ಒಂದೇ ದಿಕ್ಕಿಗೆ ನಡೆದ ಗೆರೆ ಮೂರು ದಿನ ಎದುರು ದಿಕ್ಕಿಗೆ ಹೊರಟರೆ ಯಾವ ಯಂತ್ರವಾದರೂ ಹಾಗೇ ಬರೆಯುತ್ತದೆ.

ತಂತಿ ಎಲ್ಲೋ ಕೆಟ್ಟಿರಬೇಕು ಎಂದುಕೊಂಡು ಅವಳು ಮಧ್ಯಾಹ್ನ ದೊಡ್ಡೊಲೆಗೆ ಹೋಗಿ ಒಂದೊಂದೇ ಕೊಳವೆ ತೆಗೆದು ನೋಡಿದಳು. ತಂತಿ ನೆಟ್ಟಗಿತ್ತು. ಕಾಲೊನಿಯಲ್ಲಿ ಮತ್ತೆ ಅಡುಗೆ ಶುರುವಾಗಿತ್ತು; ಕುಣಿಗಳ ಬದಿ ಆಗಷ್ಟೇ ಸಾರಿಸಿದ ಮಣ್ಣು ಹಸಿಯಾಗಿತ್ತು. ಅವಳಿಗೆ ಆಗಲೂ ಏನೂ ಹೊಳೆಯಲಿಲ್ಲ. ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ ನೋಡಿ, ಓದಿದವರಿಗಂತೂ ಇನ್ನೂ ಬೀಳುವುದಿಲ್ಲ.

ಹೊಳೆದದ್ದು ಮರುದಿನ ಬೆಳಗ್ಗೆ. ನುಚ್ಚಿನ ಗಡಿಗೆ ಎತ್ತುತ್ತ ಗುರವ್ವ ಗೊಣಗಿದಳು:

"ಮದಲ ಮದಲ ಈ ನುಚ್ಚು ಕುದೀಬೇಕಂದ್ರ ಹೊತ್ತು ನೆತ್ತಿ ಮ್ಯಾಲೆ ಬರತಿತ್ತು. ಈಗ ನೋಡು, ಸಾಲಿ ಗಂಟಿ ಹೊಡ್ಯೂದ್ರಾಗ ಮುದ್ದಿ ಆಗಿರತೈತಿ. ಹೊಸಾ ಜ್ವಾಳ ಭಾಳ ಮೆತ್ತಗ."

ಕಸ್ತೂರಿ ಸಾರಿಸಿ ಮುಗಿಸಿದ್ದಳು. ಒಂದು ಕೊಡ ಸುರಿದಾಗಿತ್ತು. ಕುಣಿಯಿಂದ ಬುಸ್ಸೆಂದು ಹಬೆ ಎದ್ದು ಮುಖಕ್ಕೆ ಬಡಿಯಿತು. ಎರಡನೇ ಕೊಡ ಎತ್ತಿ ಬಗ್ಗಿಸಿದವಳು ಹಾಗೇ ನಿಂತುಬಿಟ್ಟಳು. ಎರಡು ಮಾರು ಆಚೆ, ನೆಲದಿಂದ ಗೇಣುದ್ದ ಹೊರಗೆ ಕಾಣುತ್ತಿದ್ದದ್ದು ಏಳನೇ ಕೊಳವೆಯ ತಲೆ. ಅವಳು ಸುರಿದ ನೀರು ಮೆತ್ತನೆಯ ಮಣ್ಣಿನಲ್ಲಿ ಇಂಗುತ್ತ ಆ ಕಡೆಗೇ ಹೊರಟಿತ್ತು.

"ಯಾಕವ್ವ, ಕೈ ಸುಡ್ತೇನು?" ಎಂದಳು ಗುರವ್ವ.

"ಇಲ್ರಿ ಅತ್ತಿಯವರ" ಎಂದು ಕಸ್ತೂರಿ ಕೊಡ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೇಂದ್ರದ ಕಡೆ ಓಡಿದಳು. ಚಪ್ಪಲಿ ದೊಡ್ಡೊಲೆಯ ಬದಿಯಲ್ಲೇ ಉಳಿದವು.

ಕಂಟ್ರೋಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅವಳು ನಾಡಿ ಹೊಡೆದುಹಾಕಿದ್ದ ಅಂಕಿಗಳನ್ನೆಲ್ಲ ಮತ್ತೆ ಹೊರಗೆ ತೆಗೆದಳು. ಒಂಬತ್ತು ವರ್ಷದಲ್ಲಿ ಮೊನ್ನೆಯದೂ ಸೇರಿ ಐದು ಸಲ ಗೆರೆ ಹೀಗೆ ತಲೆ ಎತ್ತಿತ್ತು, ಐದೂ ಸಲ ಮೂರೇ ದಿನ. ಶಾಲೆಯಲ್ಲಿದ್ದ ಜನನ ಮರಣದ ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡು ತಾರೀಖು ನೋಡಿದಳು. ಐದೂ ಹೊಂದಿದವು. ಕಾಲೊನಿಯ ದೊಡ್ಡವರು ಸತ್ತ ದಿನಗಳವು, ದೊಡ್ಡೊಲೆಯಲ್ಲಿ ಗಡಿಗೆ ಇಳಿಸದ ದಿನಗಳು, ನೀರು ಸುರಿಯದ ದಿನಗಳು. ಆಗ ಮಾತ್ರ ಗುಡ್ಡ ತನ್ನ ನಿಜವಾದ ಮೈಬಿಸಿ ತೋರಿಸಿತ್ತು. ಮೂರನೇ ದಿನದ ಅಂಕಿಗಳನ್ನು ಸಾಲಾಗಿ ಬರೆದಳು, ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು. ಎಪ್ಪತ್ಮೂರು, ಎಪ್ಪತ್ತಾರು, ಎಂಬತ್ತು, ಎಂಬತ್ಮೂರು, ಎಂಬತ್ತೆಂಟು.

ಮತ್ತೆ ಗೆರೆ ವರ್ಷವರ್ಷವೂ ಇಳಿದದ್ದು ಯಾಕೆ? ಅದಕ್ಕೂ ಉತ್ತರ ಕಣ್ಣೆದುರೇ ಇತ್ತು. ತೊಂಬತ್ತು ಮನೆ ಇನ್ನೂರಾದವು, ಕುಣಿಗಳೂ ಇನ್ನೂರಾದವು. ನಡುವೆ ನಲ್ಲಿ ಬಂತು. ತಲೆಯ ಮೇಲೆ ಹೊತ್ತು ತರುವಾಗ ಸಣ್ಣ ಕೊಡ ಸಾಕಿತ್ತು, ನಲ್ಲಿ ಬಂದ ಮೇಲೆ ಕೊಡಗಳು ದೊಡ್ಡವಾದವು. ಕುಣಿಯ ತಳ ಮರುದಿನ ಬೆಳಗಾಗುವುದರೊಳಗೆ ಮತ್ತೆ ಕಾಯುತ್ತಿತ್ತು. ಕುಣಿಗಳ ನಡುವಿನ ಮೇಲ್ಮಣ್ಣು ಮಾತ್ರ ಯಾವಾಗಲೂ ಒದ್ದೆ. ಕೊಳವೆಗಳಿದ್ದದ್ದು ಆ ಮೇಲ್ಮಣ್ಣಿನಲ್ಲಿ. ಬೆಳಗ್ಗೆ ತಾನೇ ನೀರು ಹೊಯ್ದು, ಹತ್ತು ಗಂಟೆಗೆ ಇಲ್ಲಿ ಬಂದು ಕೂತು, 'ಗುಡ್ಡ ಇವತ್ತು ಇನ್ನಷ್ಟು ತಣ್ಣಗಾಗಿದೆ' ಎಂದು ತಾನೇ ಬರೆದಿದ್ದಳು. ಒಂಬತ್ತು ವರ್ಷ! ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು.

ಕೇಂದ್ರದ ಮುಖ್ಯಸ್ಥರು ಇನಾಮದಾರ ಸಾಹೇಬರು. ಧಾರವಾಡದ ಕಡೆಯವರು. ಮೂವತ್ತು ವರ್ಷ ಗುಡ್ಡ ಕಾದು, ಈ ಪ್ರಮಾಣಪತ್ರಕ್ಕೆ ಸಹಿ ಹಾಕಿಯೇ ನಿವೃತ್ತರಾಗಬೇಕೆಂದಿದ್ದವರು. ಅವಳು ಹೇಳಿದ್ದನ್ನೆಲ್ಲ ಅವರು ಕನ್ನಡಕ ತೆಗೆದಿಟ್ಟು ಕೇಳಿದರು. ಅಂಕಿಗಳ ಹಾಳೆಯನ್ನು ಎರಡು ಸಲ ಓದಿದರು.

"ಅಲ್ರೀ ಬಾಯಾರ, ನಡುಕ ನಿಂತದ, ಅನಿಲ ನಿಂತದ. ಅವೆರಡೂ ಸುಳ್ಳ ಹೇಳ್ತಾವೇನು?"

"ಸುಳ್ಳ ಹೇಳಾಂಗಿಲ್ರಿ ಸರ. ಕುಕ್ಕರ್ ಸೀಟಿ ಹೊಡೀದ ಸುಮ್ಮನಾತು ಅಂದ್ರ ಎರಡ ಅರ್ಥ ಅದಾವಲ್ರಿ. ಕೆಳಗ ಒಲಿ ಆರಿರಬೇಕು, ಇಲ್ಲಾ ಸೀಟ್ಯಾಗ ಅನ್ನದ ಅಗಳ ಸಿಕ್ಕಿರಬೇಕು. ಗುಡ್ಡದ ಬಾಯಾಗಿನ ಸಂದಿಗೊಳೆಲ್ಲ ಗಂಧಕ, ಸುಣ್ಣ ಕಟ್ಟಿ ಮುಚ್ಚಿಕೊಂಡಿದ್ರೂ ಅನಿಲ ನಿಲ್ತೈತಿ, ಅದು ಹೊರಬೀಳೂವಾಗಿನ ನಡುಕಾನೂ ನಿಲ್ತೈತಿ. ಯಾವುದು ಅಂತ ತಿಳ್ಕೊಳ್ಳಾಕ ಕುಕ್ಕರ್ ಮುಟ್ಟಿ ನೋಡಬೇಕು. ನಾವು ಮುಟ್ಟಿ ನೋಡಿದ್ದು ಬರೇ ಈ ಒಂಬತ್ತ ಕೊಳವ್ಯಾಗ. ಅದರ ಮ್ಯಾಲೆ ನಾವ ನೀರ ಹಾಕಿವಿ."

ಇನಾಮದಾರರು ಕಿಟಕಿಯಾಚೆ ನೋಡಿದರು. ಅಲ್ಲಿ ಗುಡ್ಡ ಸಾಧುವಾಗಿ ನಿಂತಿತ್ತು, ಒಂದು ಎಳೆ ಹೊಗೆಯಿಲ್ಲ. ಅದರ ಬುಡದವರೆಗೂ ಜೋಳ ತೆನೆ ಬಿಚ್ಚುತ್ತಿತ್ತು.

"ಐದು ಸಾವು ಹಿಡಕೊಂಡು ಸರ್ಟಿಫಿಕೇಟ ತಡೀಲಿಕ್ಕೆ ಆಗೂದಿಲ್ಲ. ಸರ್ಕಾರದ ಮಂಡಳಿಯವ್ರು ನಗತಾರ" ಎಂದರು. "ಹದಿನೈದು ದಿನ ಆ ಜಾಗಕ್ಕ ಒಂದ ಹನಿ ನೀರ ಬೀಳಬಾರದು. ಆಮ್ಯಾಲೆ ನೋಡೂಣು. ಖರೇ ಅಂದ್ರ ಬಾಯಾರ, ನೀವು ಹೇಳಿದ್ದು ಸುಳ್ಳಾಗ್ಲಿ ಅಂತ ನನಗನಸ್ತದ. ನೀರ ನಿಲ್ಲಸ್ಲಿಕ್ಕೆ ಕಾಲೊನಿಯವರಿಗೆ ಹೇಳೋರು ಯಾರು?"

ಹೇಳಬೇಕಾದವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದಾಗ ಗುರವ್ವ ಅಂಗಳದಲ್ಲಿ, ಜೋಳದ ಸಾಲಿನ ನಡುವೆ ಬೆಳೆದ ಅಕ್ಕಡಿ ಕಾಳು ಹಸನು ಮಾಡುತ್ತ ಕೂತಿದ್ದಳು. ಪಕ್ಕದಲ್ಲಿ ಸೊಸೆಯ ಚಪ್ಪಲಿ ತಂದಿಟ್ಟಿದ್ದಳು.

"ಅತ್ತಿಯವರ, ಒಂದ ಮಾತ ಹೇಳೂದೈತ್ರಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟ ಬರೂ ಮಾತಾದ್ರ ಉಂಡ ಮ್ಯಾಲೆ ಹೇಳು. ಹಸದಾಗ ನನಗ ಸಿಟ್ಟು ಜಾಸ್ತಿ."

ಕಸ್ತೂರಿ ಉಣ್ಣುವವರೆಗೂ ಕಾಯಲಿಲ್ಲ, ಹೇಳಿಬಿಟ್ಟಳು. ಕೊಳವೆ, ನೀರು, ಸತ್ತವರ ದಿನಗಳು, ನುಚ್ಚು ಬೇಗ ಬೇಯುವುದು ಜೋಳದ ಗುಣವಲ್ಲ ಎಂಬುದು, ಎಲ್ಲವನ್ನೂ. ಗುರವ್ವನ ಮೊರದ ಮೇಲಿನ ಕೈ ನಿಂತಿತು.

"ನಾ ಹಾಕಿದ ನೀರು ಗುಡ್ಡಕ್ಕ ಏನೂ ತಂಪ ಮಾಡ್ಲಿಲ್ಲೇನು?"

"ಇಲ್ರಿ. ಗುಡ್ಡ ಅಂದ್ರ ಮ್ಯಾಲೆ ಕಾಣೂದಲ್ರಿ. ಸಮುದ್ರದ ತಳದಾಗ ನೆಲದ ಒಂದ ಹಾಸು ಇನ್ನೊಂದರ ಕೆಳಗ ಜಾರಾಕತ್ತೈತಿ. ಹೋಗೂವಾಗ ಸಮುದ್ರದ ನೀರ ಕುಡಕೊಂಡ ಹೋಗತೈತಿ. ನೂರ ಕಿಲೋಮೀಟರ ಆಳದಾಗ ಆ ನೀರ ಸೇರಿ ಬಂಡಿಗಲ್ಲು ಕರಗತೈತಿ, ಕರಗಿದ್ದು ಮ್ಯಾಲೆ ಏರತೈತಿ. ನೀರಿನಿಂದನ ಅದು ಹುಟ್ಟಿದ್ದು, ಅತ್ತಿಯವರ. ನಮ್ಮ ಕೊಡದ ನೀರು ನನ್ನ ಕೊಳವಿ ಅಷ್ಟ ತಂಪ ಮಾಡ್ತು."

"ಹಂಗಾರ ಹದಿನೆಂಟ ವರ್ಷ ನಾ ಯಾರ ಒಲಿ ಸಾರಿಸಿದೆ?"

ಅತ್ತೆ ಎದ್ದು ಒಳಗೆ ಹೋದಳು. ಆ ದಿನ ಇಬ್ಬರೂ ಉಣ್ಣಲಿಲ್ಲ.

ಭಾನುವಾರ ಬೆಳಗ್ಗೆ ಶಾಲೆಯ ಶೆಡ್ಡಿನಲ್ಲಿ ಊರೆಲ್ಲ ಸೇರಿತು. ಕಸ್ತೂರಿ ಕುಕ್ಕರಿನ ಮಾತನ್ನೇ ಮತ್ತೆ ಹೇಳಿದಳು. ಕೊಳವೆಗೆ ಜಾಗ ತೋರಿಸಿದವಳು ತಾನೇ, ತಪ್ಪು ತನ್ನದೇ ಎಂದೂ ಹೇಳಿದಳು. ಕೊನೆಯ ಸಾಲಿನಿಂದ ಸಂಗಪ್ಪ ಎದ್ದು ನಿಂತ. ಹಿಂದಿನ ವಾರವಷ್ಟೇ ಒಂದು ದೋಣಿ ಇಟ್ಟಿಗೆ ತರಿಸಿ ಮನೆಯ ಮುಂದೆ ಒಟ್ಟಿಸಿಕೊಂಡವನು.

"ನಮ್ಮಪ್ಪನ ಹೊಲ ನೀರ ನುಂಗತು. ಈಗ ನಿಮ್ಮ ಎರಡ ಕೊಡ ನೀರಿಗೆ ಇದೂ ಹೋಗಬೇಕೇನು? ಇನ್ನ ತಿಂಗಳೊಪ್ಪತ್ತಿಗೆ ಉತಾರ ಕೈಗೆ ಬರೂದೈತಿ. ಬಾಯಿ ಮುಚ್ಚಿಕೊಂಡ ಇದ್ದಿದ್ರ ನಿಮಗೇನ ಹೋಗತಿತ್ತು, ಕಸ್ತೂರಕ್ಕ?"

ಶೆಡ್ಡಿನ ತುಂಬ ಗದ್ದಲವೆದ್ದಿತು. ಹೆಂಗಸರದು ಇನ್ನೂ ಹೆಚ್ಚು. ನೀರು ಹಾಕುವುದು ನಿಲ್ಲಿಸಿದರೆ ಗುಡ್ಡ ಸಿಟ್ಟಾಗುತ್ತದೆ ಎಂದಳು ಒಬ್ಬಳು. ಗುಡ್ಡ ಸತ್ತಿದೆ ಎಂದ ಮೇಲೆ ಸಿಟ್ಟಾಗುವುದು ಯಾರು ಎಂದು ಇನ್ನೊಬ್ಬಳು ಅವಳ ಮೇಲೆ ಬಿದ್ದಳು. ಇವರ ಮುಖಗಳನ್ನು ಕಸ್ತೂರಿ ಸೊಸೆಯಾಗಿ ಬಂದ ದಿನದಿಂದ ಬಲ್ಲಳು. ತಾನು ಹೇಳಿದ್ದು ನಿಜವಾದರೆ ಇವರ ಮನೆ ಹೋಗುತ್ತದೆ, ಸುಳ್ಳಾದರೆ ತನ್ನ ಮರ್ಯಾದೆ ಹೋಗುತ್ತದೆ. ಸುಳ್ಳಾಗಲಿ ಎಂದು ಅವಳು ಮನಸಾರೆ ಬೇಡಿಕೊಂಡಳು.

ಆಗ ಗುರವ್ವ ಬಂದಳು. ಮದುವೆಯಲ್ಲಿ ತವರಿನವರು ಕೊಟ್ಟಿದ್ದ ತಾಮ್ರದ ಕೊಡ ಸೊಂಟದ ಮೇಲಿತ್ತು. ಎಲ್ಲರ ನಡುವೆ ಬಂದು, ಅದನ್ನು ಬೋರಲು ಮಾಡಿ ನೆಲದ ಮೇಲಿಟ್ಟಳು.

"ನೀರ ಹಾಕ್ರಿ ಅಂತ ಹೇಳಿದಾಕಿ ನಾ. ಬ್ಯಾಡ ಅಂತ ಹೇಳೂದೂ ನಾನ ಹೇಳಬೇಕು. ಹದಿನೈದ ದಿನ. ಗುಡ್ಡ ಖರೇ ಸತ್ತಿದ್ರ ನೀರಿಲ್ಲದನೂ ತಣ್ಣಗಿರತೈತಿ, ಸಂಗಪ್ಪ, ನಿನ್ನ ಇಟ್ಟಂಗಿ ಎಲ್ಲಿಗೂ ಹೋಗೂದಿಲ್ಲ. ಸಾರಿಸಲಾರದ ಒಲಿ ಅನ್ನ ನನಗ ಸೇರೂದಿಲ್ಲ, ಅಲ್ಲೀತನಕ ಅವಲಕ್ಕಿ ತಿಂತೀನಿ."

ಮಧ್ಯಾಹ್ನದ ಹೊತ್ತಿಗೆ ಇನ್ನೂರ ಹದಿನಾಲ್ಕು ಮನೆಯ ಅಂಗಳದಲ್ಲೂ ಕೊಡಗಳು ಬೋರಲು ಬಿದ್ದಿದ್ದವು. ಕೆಲವರು ಗುರವ್ವನ ಮೇಲಿನ ನಂಬಿಕೆಯಿಂದ ಹಾಗೆ ಮಾಡಿದರು, ಕೆಲವರು ಕಸ್ತೂರಿಯ ಮಾತು ಸುಳ್ಳೆಂದು ತೋರಿಸುವುದಕ್ಕೆ ಮಾಡಿದರು.

ನಾಲ್ಕನೇ ದಿನ ಕೊಳವೆಗಳು ತೊಂಬತ್ತು ತೋರಿಸಿದವು. ಏಳನೇ ದಿನ ತೊಂಬತ್ತೇಳು. ಒಂಬತ್ತನೇ ದಿನ ಕುಣಿಯಿಲ್ಲದ ಕಡೆಯೂ ನೆಲದಿಂದ ಹಬೆ ಏಳತೊಡಗಿತು, ಮಕ್ಕಳು ಬರಿಗಾಲಲ್ಲಿ ದೊಡ್ಡೊಲೆಯ ಕಡೆ ಹೋಗದಾದರು. ಸಂಗಪ್ಪನೇ ಹೋಗಿ ಅಂಗೈ ಊರಿ ನೋಡಿ, ಕೈ ಉಜ್ಜಿಕೊಳ್ಳುತ್ತ ವಾಪಸು ಬಂದ. ಹನ್ನೊಂದನೇ ದಿನ ಇನಾಮದಾರರು ಹಳೆಯ ಒಂಬತ್ತು ವರ್ಷದ ಬಿಸಿಯ ಲೆಕ್ಕವನ್ನೆಲ್ಲ ಅಳಿಸಿ, ನೀರು ಬೀಳದ ದಿನಗಳನ್ನಷ್ಟೇ ಇಟ್ಟು, ನಾಡಿಗೆ ಮತ್ತೆ ಲೆಕ್ಕ ಹಾಕಲು ಹೇಳಿದರು. ಯಂತ್ರ ಆರು ನಿಮಿಷ ತೆಗೆದುಕೊಂಡಿತು. ಅದೇ ನಡುಕವಿಲ್ಲದ ನೆಲ, ಅದೇ ಅನಿಲವಿಲ್ಲದ ಬಾಯಿ. ಒಂದೇ ಒಂದು ಸಾಲು ಬದಲಾದದ್ದಕ್ಕೆ 'ಲುಪ್ತ' ಎಂಬ ಪದ ಹೋಗಿ 'ಜಾಗೃತ, ಬಾಯಿ ಮುಚ್ಚಿದೆ, ಒತ್ತಡ ಏರುತ್ತಿದೆ' ಎಂದು ಬಂತು. ಇನಾಮದಾರರು ತಾವೇ ತಯಾರಿಸಿಟ್ಟಿದ್ದ ಪ್ರಮಾಣಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಸೈರನ್ನಿನ ಗುಂಡಿ ಒತ್ತಿದರು.

ಈ ಸಲ ಯಾರೂ ಓಡಲಿಲ್ಲ. ಸಮಯವಿತ್ತು; ಎರಡು ದಿನ ಬಿಡದೆ ದೋಣಿಗಳು ಓಡಾಡಿದವು. ತೆನೆ ಬಿಚ್ಚಿ ನಿಂತ ಜೋಳವನ್ನು ಬಿಟ್ಟು ಹೋಗುವಾಗ ಗಂಡಸರೂ ಅತ್ತರು. ಗುರವ್ವ ಯಮನಪ್ಪಜ್ಜನನ್ನು ಇಟ್ಟ ಜಾಗಕ್ಕೆ ಹೋಗಿ ಒಂದಷ್ಟು ಹೊತ್ತು ಕೂತು ಬಂದಳು.

ಅರವತ್ತು ಕಿಲೋಮೀಟರ್ ದೂರದ ಇನ್ನೊಂದು ದ್ವೀಪದ ಹಳೆಯ ಮೀನಿನ ಗೋದಾಮಿನಲ್ಲಿ ಎಲ್ಲರನ್ನೂ ಇಳಿಸಿದರು. ಮತ್ತೆ ತಗಡಿನ ಮಾಡು, ಸಾಲು ಸಾಲು ಹಾಸಿಗೆ. ಹತ್ತು ದಿನವಾಯಿತು, ಇಪ್ಪತ್ತಾಯಿತು, ಗುಡ್ಡ ಮಿಸುಕಲಿಲ್ಲ. ಆಕಾಶ ಸ್ವಚ್ಛವಿದ್ದ ದಿನ ಅದು ದಿಗಂತದಲ್ಲಿ ನೀಲಿಯಾಗಿ ಕಾಣುತ್ತಿತ್ತು, ಮೇಲೊಂದು ಬಿಳಿ ಮೋಡ. ಕಸ್ತೂರಿ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಉತಾರ ಬರಬೇಕಿದ್ದ ದಿನ ಬಂತು, ಹೋಯಿತು. ಅವತ್ತು ಯಾರೂ ಅವಳ ಮುಖ ನೋಡಲಿಲ್ಲ.

ಮೂವತ್ತೆಂಟನೇ ದಿನದ ಹೊತ್ತಿಗೆ ಸಂಗಪ್ಪ ಮತ್ತು ಹದಿನಾರು ಮಂದಿ ಕಟಾವಿಗೆ ಹೊರಟು ನಿಂತರು. ಹಕ್ಕಿಗಳು ತಿಂದು ಉಳಿಸಿದ್ದನ್ನಾದರೂ ತರುತ್ತೇವೆ, ಹೋಗಿ ಬರುವುದಕ್ಕೆ ಎರಡು ದಿನ ಸಾಕು ಎಂದು ಹಟ ಹಿಡಿದರು. ಈರಣ್ಣ ಬೇಡವೆನ್ನಲಿಲ್ಲ. ಅವನ ದೋಣಿಯ ಎಂಜಿನ್ನಿಗೆ ಮಾತ್ರ ದಿನಕ್ಕೊಂದು ರೋಗ ಬರತೊಡಗಿತು. ಒಂದು ದಿನ ಪೈಪು ಸೋರಿತು, ಒಂದು ದಿನ ಬೆಲ್ಟು ಹರಿಯಿತು, ಮೂರನೇ ದಿನ ಏನೆಂದೇ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿಯೂ ನೋಡದವನಂತೆ ಅವನು ಎಂಜಿನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ನಲವತ್ತೊಂದನೇ ದಿನ ಸಂಗಪ್ಪನ ತಾಳ್ಮೆ ತಪ್ಪಿತು. ಮೀನುಗಾರರ ದೋಣಿಯೊಂದನ್ನು ಗೊತ್ತು ಮಾಡಿ, ಕುಡಗೋಲುಗಳನ್ನು ಕಟ್ಟಿಕೊಂಡು ದಂಡೆಗೆ ನಡೆದ.

ಬೆಳಗಿನ ಹನ್ನೊಂದು ಗಂಟೆ. ಮೊದಲು ಕಂಡದ್ದು ಮೋಡ. ನೀಲಿ ಗುಡ್ಡದ ಎಡ ಮಗ್ಗುಲಿನಿಂದ, ಎಂದರೆ ತುದಿಯಿಂದಲ್ಲ, ದೊಡ್ಡೊಲೆಯಿದ್ದ ಮಗ್ಗುಲಿನಿಂದಲೇ, ಬೂದುಬಣ್ಣದ ಕಂಬವೊಂದು ಸದ್ದಿಲ್ಲದೆ ಎದ್ದು ಆಕಾಶಕ್ಕೆ ಏರಿತು. ಸದ್ದು ಮೂರು ನಿಮಿಷದ ನಂತರ ಬಂತು. ಗೋದಾಮಿನ ತಗಡುಗಳೆಲ್ಲ ಒಮ್ಮೆಗೇ ನಡುಗಿದವು. ಕೇಂದ್ರದಲ್ಲಿ ಬಿಟ್ಟು ಬಂದಿದ್ದ ಕ್ಯಾಮೆರಾ ತನ್ನ ಕೊನೆಯ ಚಿತ್ರಗಳನ್ನು ಕಳಿಸಿತು: ಕುದಿಯುವ ಬೂದಿ ಮತ್ತು ಅನಿಲದ ಮೋಡ ಇಳಿಜಾರಿನಲ್ಲಿ ಹೊರಳುತ್ತ ಬಂದು, ಜೋಳದ ಹೊಲ, ಶಾಲೆ, ಸಂಗಪ್ಪನ ಇಟ್ಟಿಗೆ, ಜೆಟ್ಟಿ ಎಲ್ಲವನ್ನೂ ದಾಟಿ ಸಮುದ್ರ ಮುಟ್ಟಿತ್ತು. ಕಸ್ತೂರಿ ಚಿತ್ರಗಳ ಮೇಲಿನ ಸಮಯ ನೋಡಿದಳು. ಒಂದು ನಿಮಿಷ ಐವತ್ತು ಸೆಕೆಂಡು. ಅವರು ಹದಿನೆಂಟು ವರ್ಷ ತಾಲೀಮು ಮಾಡಿದ್ದು ಇಪ್ಪತ್ತು ನಿಮಿಷಕ್ಕೆ.

ದಂಡೆಯಲ್ಲಿ ಸಂಗಪ್ಪ ಕುಡಗೋಲು ಹಿಡಿದುಕೊಂಡೇ ಮರಳಿನಲ್ಲಿ ಕುಸಿದು ಕೂತಿದ್ದ. ಕಸ್ತೂರಿ ಹತ್ತಿರ ಹೋದಾಗ ಅವಳ ಕಡೆ ನೋಡಿ ಕುಡಗೋಲು ಪಕ್ಕಕ್ಕಿಟ್ಟ. ತನ್ನ ಮಾತು ನಿಜವಾಯಿತೆಂಬ ಸಮಾಧಾನಕ್ಕಾಗಿ ಅವಳು ಮನಸ್ಸಿನಲ್ಲಿ ಹುಡುಕಿದಳು. ಸಿಕ್ಕಿದ್ದು ಬರೀ ದುಃಖ. ಅವನ ಪಕ್ಕದಲ್ಲೇ ಕೂತು ಅತ್ತಳು.

ಸಂಜೆಗೆ ಗಾಳಿ ತಿರುಗಿತು. ಹಿಟ್ಟಿನಷ್ಟು ಸಣ್ಣ ಬೂದಿ ಉದುರತೊಡಗಿ ಬೆಳಗಿನ ಹೊತ್ತಿಗೆ ಗೋದಾಮು, ಮರ, ದೋಣಿಗಳ ಮೇಲೆಲ್ಲ ಬೆರಳು ದಪ್ಪ ಕೂತಿತ್ತು. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದರು. ಒಬ್ಬೊಬ್ಬರೇ ಬಗ್ಗಿ ಬೂದಿ ಮುಟ್ಟಿ ನೋಡಿದರು.

ಕಸ್ತೂರಿ ಎದ್ದು ಬಂದಾಗ ಗುರವ್ವ ಗೋದಾಮಿನ ಹಿಂದೆ ಕೂತಿದ್ದಳು. ಮೂರು ಕಲ್ಲು ಹೂಡಿ ಒಲೆ ಮಾಡಿದ್ದಳು, ಕಟ್ಟಿಗೆಯ ಒಲೆ. ಕೊಡ ಬೋರಲು ಹಾಕಿದ ದಿನದಿಂದ ಅವಲಕ್ಕಿಯ ಮೇಲೇ ಇದ್ದವಳ ಮುಖ ಸಣ್ಣದಾಗಿತ್ತು. ಬದಿಯಲ್ಲಿ ತಾಮ್ರದ ಕೊಡ ನೆಟ್ಟಗೆ ನಿಂತಿತ್ತು, ತುಂಬ ನೀರು. ಅವಳು ಎರಡೂ ಕೈಯಿಂದ ನೆಲದ ಮೇಲಿನ ಬೂದಿಯನ್ನು ಬಳಿದು ಗುಡ್ಡೆ ಮಾಡಿ, ನೀರು ಚಿಮುಕಿಸಿ, ಮಣ್ಣಿನೊಂದಿಗೆ ಕಲಸುತ್ತಿದ್ದಳು.

"ಏನ್ ಮಾಡಾಕತ್ತೀರಿ, ಅತ್ತಿಯವರ?"

"ಕಾಣಾಂಗಿಲ್ಲೇನು? ಒಲಿ ಸಾರಿಸಾಕತ್ತೀನಿ." ಗುರವ್ವ ಒಂದು ಹಿಡಿ ತೆಗೆದು ಕಲ್ಲಿಗೆ ಮೆತ್ತಿ ಅಂಗೈಯಿಂದ ನಯ ಮಾಡಿದಳು. "ನೋಡು, ಎಷ್ಟ ಛಲೋ ಕೂಡತೈತಿ. ಹದಿನೆಂಟ ವರ್ಷ ಅಕೀ ಒಲಿ ನಾ ಸಾರಿಸಿದೆ. ಈಗ ಅಕೀನ ಇಲ್ಲೀತನಕ ಬಂದಾಳ ನನ್ನ ಒಲಿ ಸಾರಿಸಾಕ."

ಕಸ್ತೂರಿ ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಇನ್ನೊಂದು ಕಲ್ಲಿಗೆ ಬೂದಿ ಮೆತ್ತತೊಡಗಿದಳು. ಬೂದಿ ಇನ್ನೂ ಸ್ವಲ್ಪ ಬೆಚ್ಚಗಿದೆ ಎನ್ನಿಸಿತು. ಅಷ್ಟು ದೂರ ಬಂದದ್ದು ಬೆಚ್ಚಗಿರಲು ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅತ್ತೆಯ ಕೈಯದೇ ಬಿಸಿ ಇರಬೇಕು. ಮೂರೂ ಕಲ್ಲು ಸಾರಿಸಿ ಮುಗಿಯಿತು. ಅಭ್ಯಾಸದಂತೆ ಗುರವ್ವನ ಕೈ ಕೊಡದ ಕಡೆ ಹೋಯಿತು. ಎತ್ತಿದವಳು ಅರ್ಧದಲ್ಲೇ ನಿಲ್ಲಿಸಿ, ಸೊಸೆಯ ಮುಖ ನೋಡಿದಳು.

"ಇಲ್ಲೆಲ್ಲೂ ನಿನ್ನ ಕೊಳವಿ ಹೂಳಿಲ್ಲಲ್ಲ? ನೀರ ಹಾಕ್ಲೇನು?"

ಎಷ್ಟೋ ದಿನದ ಮೇಲೆ ಕಸ್ತೂರಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು.

"ಹಾಕ್ರಿ, ಅತ್ತಿಯವರ" ಎಂದಳು.